ಎ.ಸಿ. ಕೊಳ್ಳುವ ಮುನ್ನ ಯೂನಿಟ್ ಲೆಕ್ಕ



ಹಳ್ಳಿಯ ಮನೆಗೆ ಎ.ಸಿ. ಎಂದರೆ ನಗುವ ಕಾಲವೊಂದಿತ್ತು. ಈಗ ಹಾಗಿಲ್ಲ. ಮಣ್ಣಿನ ಮಾಳಿಗೆ, ಹೆಂಚಿನ ಸೂರು ಹೋಗಿ ಆರ್.ಸಿ.ಸಿ. ಮನೆಗಳು ಬಂದಿವೆ. ಹಗಲೆಲ್ಲ ಕಾದ ತಾರಸಿ ರಾತ್ರಿ ಹನ್ನೊಂದಾದರೂ ಕೆಳಗೆ ಬಿಸಿ ಬಿಡುತ್ತಿರುತ್ತದೆ. ಬೆಳಗಿನ ಜಾವ ಎದ್ದು ಹಾಲು ಕರೆಯಬೇಕಾದವರಿಗೆ ನಿದ್ದೆಯಿಲ್ಲ. ಮನೆಯಲ್ಲಿ ವಯಸ್ಸಾದ ತಂದೆತಾಯಿಯೋ, ಬಾಣಂತಿ ಮಗಳೋ ಇದ್ದರೆ ಸಂಕಟ ಇನ್ನೂ ಹೆಚ್ಚು. ಆದ್ದರಿಂದ ಒಂದು ಕೋಣೆಗಾದರೂ ಎ.ಸಿ. ಹಾಕಿಸೋಣ ಎಂದು ಯೋಚಿಸುವುದರಲ್ಲಿ ತಪ್ಪೇನೂ ಇಲ್ಲ.

ತಪ್ಪು ಆಗುವುದು ಅಂಗಡಿಯಲ್ಲಿ. ನಾವು ಕೇಳುವ ಮೊದಲ ಪ್ರಶ್ನೆ "ಬೆಲೆ ಎಷ್ಟು?", ಎರಡನೆಯದು "ಕಂತು ಎಷ್ಟು?". ಅಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಎ.ಸಿ.ಯ ಬೆಲೆ ಅಂಗಡಿಯಲ್ಲಿ ಕೊಟ್ಟು ಮುಗಿಯುವಂಥದ್ದಲ್ಲ. ಅದು ಹಸು ಇದ್ದಂತೆ. ಕೊಂಡ ದಿನದ ಖರ್ಚು ಒಂದು, ದಿನವೂ ಹಾಕುವ ಮೇವಿನ ಖರ್ಚು ಇನ್ನೊಂದು. ಎ.ಸಿ.ಯ ಮೇವು ವಿದ್ಯುತ್ತು. ಕಡಿಮೆ ಬೆಲೆಗೆ ಸಿಕ್ಕ ಯಂತ್ರ ಹೆಚ್ಚು ಮೇವು ತಿಂದರೆ, ಹತ್ತು ವರ್ಷವೂ ಹಾಲಿನ ಬಟವಾಡೆಯಿಂದಲೇ ಅದಕ್ಕೆ ಹಾಕುತ್ತಿರಬೇಕು.

ಈ ಪಾಠದ ಉದ್ದೇಶ ಒಂದೇ. ಅಂಗಡಿಗೆ ಹೋಗುವ ಮೊದಲು ನಿಮ್ಮ ಮನೆಯ ಯೂನಿಟ್ ಲೆಕ್ಕವನ್ನು ನೀವೇ ಹಾಕಲು ಕಲಿಯುವುದು. ಕೂಡುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು.

ಎ.ಸಿ. ತಂಪನ್ನು ತಯಾರಿಸುವುದಿಲ್ಲ

ನಿಮ್ಮ ಕೊಳವೆಬಾವಿಯ ಮೋಟಾರು ನೀರನ್ನು ತಯಾರಿಸುವುದಿಲ್ಲ, ಕೆಳಗಿರುವ ನೀರನ್ನು ಮೇಲಕ್ಕೆ ಎತ್ತುತ್ತದೆ. ಎ.ಸಿ.ಯೂ ಹಾಗೆಯೇ. ಕೋಣೆಯೊಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುತ್ತದೆ. ಸಂಘದ ಬಿ.ಎಂ.ಸಿ. ಕೇಂದ್ರದಲ್ಲಿ ಆಗುವುದೂ ಇದೇ. ಕರೆದ ಹಾಲಿನ ಶಾಖವನ್ನು ತೆಗೆದು 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸುತ್ತಾರೆ. ಆ ಶಾಖ ಹೊರಗಿನ ಕಂಡೆನ್ಸರ್‌ನಿಂದ ಬಿಸಿಗಾಳಿಯಾಗಿ ಬರುವುದನ್ನು ನೀವು ನೋಡಿದ್ದೀರಿ.

ಈ ಹೋಲಿಕೆಯಿಂದ ಎರಡು ವಿಷಯ ತಿಳಿಯುತ್ತವೆ. ಮೊದಲನೆಯದು, ಬಾವಿ ಆಳವಾದಷ್ಟೂ ಮೋಟಾರಿಗೆ ಶ್ರಮ ಹೆಚ್ಚು. ಹೊರಗೆ 38 ಡಿಗ್ರಿ ಇರುವಾಗ ಒಳಗೆ 26 ಡಿಗ್ರಿ ಬೇಕೆಂದರೆ 12 ಡಿಗ್ರಿಯ ಆಳ. 18 ಡಿಗ್ರಿ ಬೇಕೆಂದರೆ 20 ಡಿಗ್ರಿಯ ಆಳ. ಎರಡನೆಯದು, ಕಾಲುವೆಯಲ್ಲಿ ತೂತಿದ್ದರೆ ಎತ್ತಿದ ನೀರೆಲ್ಲ ವ್ಯರ್ಥ. ಬಾಗಿಲು, ಕಿಟಕಿ, ಸೂರಿನ ಸಂದಿಯಲ್ಲಿ ಬಿಸಿಗಾಳಿ ಒಳಗೆ ಬರುತ್ತಿದ್ದರೆ ಎಂಥ ಒಳ್ಳೆಯ ಎ.ಸಿ.ಯೂ ಸೋಲುತ್ತದೆ. ಮುಚ್ಚಿಗೆ ಇಲ್ಲದ ಹೆಂಚಿನ ಕೋಣೆಗೆ, ಸಿಮೆಂಟ್ ಶೀಟಿನ ಕೋಣೆಗೆ ಹಾಗೆಯೇ ಎ.ಸಿ. ಹಾಕಿಸಬೇಡಿ. ಮೊದಲು ಒಳಗಡೆ ಸೀಲಿಂಗ್ ಮಾಡಿಸಿ, ಸಂದುಗಳನ್ನು ಮುಚ್ಚಿಸಿ.

ಟನ್ ಎಂದರೆ ಯಂತ್ರದ ತೂಕವಲ್ಲ

ಹಿಂದೆ ಹಾಲಿನ ಕ್ಯಾನಿಗೆ ಮಂಜುಗಡ್ಡೆ ಇಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಟನ್ ಎಂಬ ಅಳತೆ ಬಂದಿರುವುದು ಆ ಮಂಜುಗಡ್ಡೆಯಿಂದಲೇ. ಒಂದು ಅಮೆರಿಕನ್ ಟನ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಸುತ್ತಲಿನಿಂದ ಎಷ್ಟು ಶಾಖ ಹೀರುತ್ತದೆಯೋ, ಅಷ್ಟು ಶಾಖವನ್ನು ತೆಗೆಯುವ ಯಂತ್ರಕ್ಕೆ ಒಂದು ಟನ್ ಎ.ಸಿ. ಎನ್ನುತ್ತಾರೆ. ವಿದ್ಯುತ್ ಲೆಕ್ಕದ ಭಾಷೆಯಲ್ಲಿ ಅದು ಸುಮಾರು 3.5 ಕಿಲೋವ್ಯಾಟ್ ಶಾಖ.

ಸಾಮಾನ್ಯವಾಗಿ 10 ಅಡಿ ಎತ್ತರದ ಕೋಣೆಗೆ ಈ ಅಳತೆ ಸಾಕು:

1. ನೆಲ 100 ರಿಂದ 120 ಚದರ ಅಡಿ ಇದ್ದರೆ 1 ಟನ್.

2. 150 ರಿಂದ 180 ಚದರ ಅಡಿ ಇದ್ದರೆ 1.5 ಟನ್.

3. ಮೇಲೆ ನೇರ ತಾರಸಿ ಇದ್ದು ಪಡುವಣ ಗೋಡೆಗೆ ಬಿಸಿಲು ಹೊಡೆಯುತ್ತಿದ್ದರೆ, ಅಥವಾ ಕೋಣೆಯಲ್ಲಿ ನಾಲ್ಕಕ್ಕಿಂತ ಹೆಚ್ಚು ಜನ ಮಲಗುತ್ತಿದ್ದರೆ, ಸ್ವಲ್ಪ ಹೆಚ್ಚಿನ ಅಳತೆ ಬೇಕಾಗಬಹುದು.

"ದೊಡ್ಡದೇ ಇರಲಿ, ಬೇಗ ತಂಪಾಗುತ್ತದೆ" ಎಂಬ ಸಲಹೆ ಅಂಗಡಿಯಲ್ಲಿ ಕೇಳಿಬರುವುದುಂಟು. ಎರಡು ಹಸುವಿನ ಮನೆಗೆ ಹತ್ತು ಹಸುವಿನ ಕೊಟ್ಟಿಗೆ ಕಟ್ಟಿಸಿದಂತೆ ಆಗುತ್ತದೆ ಅಷ್ಟೆ. ಅಳತೆ ಮೀರಿದ ಯಂತ್ರ ಬೇಗ ತಂಪು ಮಾಡಿ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ, ಮತ್ತೆ ನಿಲ್ಲುತ್ತದೆ. ಗಾಳಿಯ ತೇವ ಸರಿಯಾಗಿ ಹೋಗುವುದಿಲ್ಲ. ತೀರ ಚಿಕ್ಕದಾದರೆ ರಾತ್ರಿಯಿಡೀ ಬಿಡುವಿಲ್ಲದೆ ಓಡುತ್ತದೆ. ಆದ್ದರಿಂದ ಟೇಪು ಹಿಡಿದು ಕೋಣೆಯ ಉದ್ದ ಅಗಲ ಅಳೆದು ಬರೆದುಕೊಂಡೇ ಅಂಗಡಿಗೆ ಹೋಗಿ.

ಸ್ಟಾರ್ ಲೇಬಲ್ ಓದುವ ಕ್ರಮ

ಸಂಘದಲ್ಲಿ ನಿಮ್ಮ ಹಾಲನ್ನು ಬರಿಯ ಲೀಟರ್ ನೋಡಿ ತೆಗೆದುಕೊಳ್ಳುವುದಿಲ್ಲ. ಫ್ಯಾಟ್ ನೋಡುತ್ತಾರೆ, ಎಸ್.ಎನ್.ಎಫ್. ನೋಡುತ್ತಾರೆ, ಚೀಟಿ ಕೊಡುತ್ತಾರೆ. ಎ.ಸಿ.ಯಲ್ಲಿ ಟನ್ ಎಂಬುದು ಲೀಟರ್ ಇದ್ದ ಹಾಗೆ. ಗುಣಮಟ್ಟ ತಿಳಿಯಲು ಯಂತ್ರದ ಮೇಲೆ ಅಂಟಿಸಿರುವ ಸ್ಟಾರ್ ಲೇಬಲ್ ನೋಡಬೇಕು. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ ಈ ಲೇಬಲ್ ಪದ್ಧತಿಯನ್ನು 2006 ರಲ್ಲಿ ಆರಂಭಿಸಿತು. ಕೋಣೆಯ ಎ.ಸಿ.ಗಳಿಗೆ ಈಗ ಅದು ಕಡ್ಡಾಯ.

ನಕ್ಷತ್ರಗಳನ್ನು ಎಣಿಸಿ ಸುಮ್ಮನಾಗಬೇಡಿ. ಅದರ ಕೆಳಗಿನ ಸಣ್ಣ ಅಕ್ಷರಗಳಲ್ಲಿ ಮೂರು ಸಂಗತಿಗಳಿವೆ.

ಒಂದು, ದಕ್ಷತೆಯ ಅಂಕ. ಇಂಗ್ಲಿಷಿನ ಐ, ಎಸ್, ಇ, ಇ, ಆರ್ ಎಂಬ ಐದು ಅಕ್ಷರಗಳ ಮುಂದೆ ಇದು ಇರುತ್ತದೆ. ಅಂಕ 4 ಎಂದಿದ್ದರೆ, ಒಂದು ಯೂನಿಟ್ ವಿದ್ಯುತ್ ತಿಂದು ನಾಲ್ಕು ಯೂನಿಟ್‌ನಷ್ಟು ಶಾಖವನ್ನು ಹೊರಹಾಕುತ್ತದೆ ಎಂದು ಅರ್ಥ. ಅಂಕ 5 ಆದರೆ ಅದೇ ಒಂದು ಯೂನಿಟ್‌ಗೆ ಐದರಷ್ಟು. ಹೊರಗಿನ ಹವೆ 24 ರಿಂದ 43 ಡಿಗ್ರಿವರೆಗೆ ಏರಿಳಿಯುವ ನಮ್ಮ ದೇಶದ ಪರಿಸ್ಥಿತಿಗೆ ತಕ್ಕಂತೆ ಸರಾಸರಿ ತೆಗೆದ ಅಂಕ ಇದು.

ಎರಡು, ವರ್ಷಕ್ಕೆ ತಗಲುವ ಯೂನಿಟ್. ಇದನ್ನು ವರ್ಷಕ್ಕೆ 1600 ಗಂಟೆ ಓಡಿಸಿದರೆ ಎಂಬ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ನಮಗೆ ಅತ್ಯಂತ ಉಪಯುಕ್ತವಾದ ಅಂಕಿ ಇದೇ.

ಮೂರು, ಲೇಬಲ್‌ನ ಅವಧಿ. ಸ್ಟಾರ್ ಕೊಡುವ ಅಳತೆಗೋಲನ್ನು ಕೆಲವು ವರ್ಷಗಳಿಗೊಮ್ಮೆ ಬಿಗಿ ಮಾಡುತ್ತಾರೆ. ಸ್ಪ್ಲಿಟ್ ಎ.ಸಿ.ಗೆ 2018 ರಲ್ಲಿ 4.50 ಅಂಕ ಬಂದರೆ ಐದು ಸ್ಟಾರ್ ಸಿಗುತ್ತಿತ್ತು. 2022 ರ ಜುಲೈನಿಂದ ಐದು ಸ್ಟಾರ್‌ಗೆ 5.00 ಬೇಕಾಯಿತು. ಅಂದರೆ 2018 ರ ಲೇಬಲ್ಲಿನ 4.50 ರ "ಐದು ಸ್ಟಾರ್" ಯಂತ್ರ 2022 ರ ಅಳತೆಯಲ್ಲಿ ನಾಲ್ಕು ಸ್ಟಾರ್ ಮಾತ್ರ. ಹಳೆಯ ದಾಸ್ತಾನನ್ನೋ, ಪಟ್ಟಣದವರು ಬಳಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಯಂತ್ರವನ್ನೋ "ಫೈವ್ ಸ್ಟಾರ್" ಎಂದು ತೋರಿಸಿದರೆ ಮೊದಲು ಇಸವಿ ನೋಡಿ. ಎರಡು ಯಂತ್ರಗಳನ್ನು ಹೋಲಿಸುವಾಗ ನಕ್ಷತ್ರಕ್ಕಿಂತ ಅಂಕವನ್ನೂ ಯೂನಿಟ್ಟನ್ನೂ ನಂಬುವುದು ಮೇಲು.

ಗಂಟೆಗೆ ಎಷ್ಟು ಯೂನಿಟ್?

ಲೇಬಲ್ಲಿನ ವಾರ್ಷಿಕ ಯೂನಿಟ್ಟನ್ನು 1600 ರಿಂದ ಭಾಗಿಸಿ. ಬಂದ ಉತ್ತರವೇ ಗಂಟೆಗೆ ಸರಾಸರಿ ತಗಲುವ ವಿದ್ಯುತ್ತು. ಮೂರು ಯಂತ್ರಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

ಅ) 1.5 ಟನ್, 3 ಸ್ಟಾರ್. ಲೇಬಲ್ಲಿನಲ್ಲಿ 960 ಯೂನಿಟ್. 960 ಭಾಗಿಸು 1600, ಅಂದರೆ ಗಂಟೆಗೆ 0.60 ಯೂನಿಟ್.

ಆ) 1 ಟನ್, 3 ಸ್ಟಾರ್. ಲೇಬಲ್ಲಿನಲ್ಲಿ 720 ಯೂನಿಟ್. ಗಂಟೆಗೆ 0.45 ಯೂನಿಟ್.

ಇ) 1 ಟನ್, 5 ಸ್ಟಾರ್. ಲೇಬಲ್ಲಿನಲ್ಲಿ 560 ಯೂನಿಟ್. ಗಂಟೆಗೆ 0.35 ಯೂನಿಟ್.

ರಾತ್ರಿ 8 ಗಂಟೆಯಂತೆ ತಿಂಗಳಿಗೆ 240 ಗಂಟೆ ಓಡಿಸಿದರೆ ಮೊದಲನೆಯದಕ್ಕೆ 144, ಎರಡನೆಯದಕ್ಕೆ 108, ಮೂರನೆಯದಕ್ಕೆ 84 ಯೂನಿಟ್ ಬರುತ್ತದೆ. ಆದರೆ ಲೇಬಲ್ಲಿನದು ಇಡೀ ಋತುಮಾನದ ಸರಾಸರಿ. ಏಪ್ರಿಲ್, ಮೇ ತಿಂಗಳ ಸೆಕೆಗೆ, ಕಾದ ತಾರಸಿಗೆ ಇನ್ನೂ ಕಾಲು ಭಾಗ ಸೇರಿಸಿಕೊಳ್ಳುವುದು ಜಾಣತನ. ಆಗ ಈ ಮೂರು ಯಂತ್ರಗಳಿಗೆ ಕ್ರಮವಾಗಿ 180, 135, 105 ಯೂನಿಟ್ ಆಗುತ್ತದೆ.

ಇನ್ನೂರು ಯೂನಿಟ್ಟಿನ ಗೆರೆ

ನಮ್ಮ ಬಹುಪಾಲು ಸದಸ್ಯರ ಮನೆಗೆ 2023 ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಅನುಕೂಲವಿದೆ. ಅದರ ನಿಯಮವನ್ನು ಎ.ಸಿ. ಕೊಳ್ಳುವವರು ಚೆನ್ನಾಗಿ ಅರಿತಿರಬೇಕು. 2022-23 ನೇ ಸಾಲಿನ ನಿಮ್ಮ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಉಚಿತ ಮಿತಿಯನ್ನು ಗೊತ್ತು ಮಾಡಿದ್ದಾರೆ. ಆ ಮಿತಿ ದಾಟಿ 200 ಯೂನಿಟ್ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ ಕಟ್ಟಬೇಕು. ಆದರೆ ತಿಂಗಳ ಬಳಕೆ 200 ಯೂನಿಟ್ ಮೀರಿತೆಂದರೆ ಆ ತಿಂಗಳ ಇಡೀ ಬಿಲ್ಲನ್ನು ನೀವೇ ಕಟ್ಟಬೇಕು.

ಒಂದು ಮನೆಯ ಲೆಕ್ಕ ನೋಡೋಣ. ಬೇಸಿಗೆಯ ತಿಂಗಳಲ್ಲಿ ಆ ಮನೆಯ ಬಳಕೆ 80 ಯೂನಿಟ್. ಉಚಿತ ಮಿತಿ 90. ಬಿಲ್ಲು ಶೂನ್ಯ. ಕೋಣೆ 10 ಅಡಿಗೆ 12 ಅಡಿ, ಅಂದರೆ 120 ಚದರ ಅಡಿ, 1 ಟನ್ ಸಾಕು. ತೆರಿಗೆ ಮುಂತಾದವು ಸೇರಿ ಯೂನಿಟ್‌ಗೆ 7 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ನಿಮ್ಮ ಬಿಲ್ಲಿನಲ್ಲಿರುವ ದರವನ್ನು ನೋಡಿ ಇದನ್ನು ತಿದ್ದಿಕೊಳ್ಳಿ.

ಯಂತ್ರ (ಅ) ತಂದರೆ 80 ಕೂಡಿಸು 180, ಒಟ್ಟು 260 ಯೂನಿಟ್. ಗೆರೆ ದಾಟಿತು. 260 ಯೂನಿಟ್‌ಗೂ ಹಣ: 1,820 ರೂಪಾಯಿ.

ಯಂತ್ರ (ಆ) ತಂದರೆ 80 ಕೂಡಿಸು 135, ಒಟ್ಟು 215 ಯೂನಿಟ್. ಬರಿಯ 15 ಯೂನಿಟ್‌ನಿಂದ ಗೆರೆ ದಾಟಿತು. 215 ಯೂನಿಟ್‌ಗೂ ಹಣ: 1,505 ರೂಪಾಯಿ.

ಯಂತ್ರ (ಇ) ತಂದರೆ 80 ಕೂಡಿಸು 105, ಒಟ್ಟು 185 ಯೂನಿಟ್. ಗೆರೆಯೊಳಗೇ ಉಳಿಯಿತು. ಉಚಿತ ಮಿತಿ ಮೀರಿದ 95 ಯೂನಿಟ್‌ಗೆ ಮಾತ್ರ ಹಣ: 665 ರೂಪಾಯಿ.

(ಆ) ಮತ್ತು (ಇ) ಎರಡೂ ಒಂದೇ ಅಳತೆಯ ಯಂತ್ರಗಳು, ಕೊಡುವ ತಂಪೂ ಒಂದೇ. ಬಿಲ್ಲಿನಲ್ಲಿ ಮಾತ್ರ ತಿಂಗಳಿಗೆ 840 ರೂಪಾಯಿ ವ್ಯತ್ಯಾಸ. ಬೇಸಿಗೆಯ ಮೂರು ತಿಂಗಳಿಗೆ 2,520 ರೂಪಾಯಿ. ಐದು ಸ್ಟಾರ್ ಯಂತ್ರಕ್ಕೆ ಅಂಗಡಿಯಲ್ಲಿ 6,000 ರೂಪಾಯಿ ಹೆಚ್ಚು ಕೊಟ್ಟಿದ್ದರೂ ಮೂರನೆಯ ಬೇಸಿಗೆ ಮುಗಿಯುವುದರೊಳಗೆ ಅದು ಹಿಂದಕ್ಕೆ ಬಂದಿರುತ್ತದೆ.

ಹಾಗಾದರೆ ಎಲ್ಲರೂ ಐದು ಸ್ಟಾರ್ ಕೊಳ್ಳಬೇಕೆ?

ಇಲ್ಲ. ಇದನ್ನೂ ಲೆಕ್ಕ ಹಾಕಿಯೇ ಹೇಳಬೇಕು. ಗೃಹಜ್ಯೋತಿಯ ಗೆರೆಯ ಪ್ರಶ್ನೆ ಇಲ್ಲದ ಮನೆಯನ್ನು ತೆಗೆದುಕೊಳ್ಳಿ. (ಆ) ಮತ್ತು (ಇ) ನಡುವಿನ ಅಂತರ ಗಂಟೆಗೆ 0.10 ಯೂನಿಟ್, ಅಂದರೆ 70 ಪೈಸೆ. ಬೆಲೆಯ ವ್ಯತ್ಯಾಸ 6,000 ರೂಪಾಯಿ ಇದ್ದರೆ ಅದು ಹಿಂದಕ್ಕೆ ಬರಲು ಸುಮಾರು 8,600 ಗಂಟೆ ಓಡಬೇಕು. ವರ್ಷಕ್ಕೆ ನಾಲ್ಕು ತಿಂಗಳು, ರಾತ್ರಿ 8 ಗಂಟೆ ಎಂದರೆ 960 ಗಂಟೆ. ಆ ಲೆಕ್ಕದಲ್ಲಿ ಒಂಬತ್ತು ವರ್ಷ ಹಿಡಿಯುತ್ತದೆ. ಅಂಥವರಿಗೆ ಮೂರು ಸ್ಟಾರ್ ಸಾಕು. ಕರಾವಳಿಯ ಸೆಕೆಯಲ್ಲಿ ವರ್ಷಕ್ಕೆ 250 ರಾತ್ರಿ ಓಡಿಸುವವರಿಗೆ 2,000 ಗಂಟೆಯಾಗುತ್ತದೆ. ಅವರಿಗೆ ನಾಲ್ಕೂಕಾಲು ವರ್ಷದಲ್ಲಿ ಹಣ ಹಿಂದಕ್ಕೆ ಬರುತ್ತದೆ. ಅಂಥವರಿಗೆ ಐದು ಸ್ಟಾರ್ ಲಾಭ.

ಆದ್ದರಿಂದ ಸೂತ್ರ ಇಷ್ಟೇ: ಮೊದಲು ಸರಿಯಾದ ಟನ್, ಆಮೇಲೆ ವರ್ಷದ ಗಂಟೆ, ಆಮೇಲೆ 200 ರ ಗೆರೆ. ಈ ಮೂರರ ನಂತರ ನಕ್ಷತ್ರದ ಮಾತು.

ಇನ್‌ವರ್ಟರ್ ಎ.ಸಿ. ಎಂದರೇನು?

ಈ ಹೆಸರಿನಿಂದ ಅನೇಕರು ಮೋಸಹೋಗುತ್ತಾರೆ. ಕರೆಂಟು ಹೋದಾಗ ಮನೆಯ ಬ್ಯಾಟರಿಯ ಇನ್‌ವರ್ಟರಿನಲ್ಲಿ ಓಡುವ ಎ.ಸಿ. ಎಂದು ಇದರ ಅರ್ಥವಲ್ಲ. ಹಳೆಯ ಬಗೆಯ ಎ.ಸಿ.ಯ ಕಂಪ್ರೆಸರ್ ಓಡಿದರೆ ಪೂರ್ತಿ ವೇಗದಲ್ಲಿ ಓಡುತ್ತದೆ, ತಂಪಾದ ಮೇಲೆ ಪೂರ್ತಿ ನಿಲ್ಲುತ್ತದೆ. ಇನ್‌ವರ್ಟರ್ ಬಗೆಯದು ಮೊದಲು ಜೋರಾಗಿ ಓಡಿ, ಕೋಣೆ ತಂಪಾದ ಮೇಲೆ ವೇಗ ತಗ್ಗಿಸಿಕೊಂಡು ನಿಧಾನವಾಗಿ ಓಡುತ್ತಿರುತ್ತದೆ. ರಾತ್ರಿ ಆರೆಂಟು ಗಂಟೆ ಬಿಡದೆ ಓಡಿಸುವವರಿಗೆ ಇದರಿಂದ ವಿದ್ಯುತ್ ಉಳಿತಾಯ. ಅರ್ಧ ಗಂಟೆ ಹಾಕಿ ಆರಿಸುವವರಿಗೆ ಅಷ್ಟು ಪ್ರಯೋಜನವಿಲ್ಲ.

ಒಳಗಿನ ಅನಿಲದ ಹೆಸರನ್ನೂ ಕೇಳಿ. ಈಗ ಹೆಚ್ಚಿನ ಯಂತ್ರಗಳಲ್ಲಿ ಆರ್-32 ಎಂಬ ಅನಿಲ ಇರುತ್ತದೆ. ಹಳೆಯ ಯಂತ್ರಗಳಲ್ಲಿದ್ದ ಆರ್-22 ಓಝೋನ್ ಪದರಕ್ಕೆ ಹಾನಿಕಾರಕವಾದ್ದರಿಂದ ಅದನ್ನು ಹಂತಹಂತವಾಗಿ ಕೈಬಿಡಲಾಗುತ್ತಿದೆ. ಅಂಥ ಹಳೆಯ ಯಂತ್ರ ಎಷ್ಟೇ ಅಗ್ಗವಾಗಿ ಸಿಕ್ಕರೂ ತರಬೇಡಿ.

ವೈರಿಂಗ್ ಮತ್ತು ವೋಲ್ಟೇಜ್

ಎ.ಸಿ.ಗೆ ಪ್ರತ್ಯೇಕ ವೈರು, ಪ್ರತ್ಯೇಕ ಎಂ.ಸಿ.ಬಿ., 16 ಆಂಪಿಯರ್ ಪ್ಲಗ್ಗು ಮತ್ತು ಒಳ್ಳೆಯ ಅರ್ಥಿಂಗ್ ಬೇಕೇ ಬೇಕು. ಫ್ಯಾನು, ದೀಪಗಳಿಗೆ ಎಳೆದ ಹಳೆಯ ವೈರಿಗೆ ಜೋಡಿಸಿದರೆ ವೈರು ಬಿಸಿಯಾಗಿ ಬೆಂಕಿ ಹತ್ತುವ ಅಪಾಯವಿದೆ. ಲೈಸೆನ್ಸ್ ಇರುವ ವೈರ್‌ಮನ್ ಕೈಯಲ್ಲೇ ಕೆಲಸ ಮಾಡಿಸಿ. ನಿಮ್ಮ ಮೀಟರಿಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂಬುದು ಬಿಲ್ಲಿನಲ್ಲೇ ಇರುತ್ತದೆ. ಸಾಲದಿದ್ದರೆ ವಿದ್ಯುತ್ ಕಂಪನಿಯ ಶಾಖಾ ಕಚೇರಿಯಲ್ಲಿ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ. ಲೋಡ್ ಹೆಚ್ಚಿದರೆ ನಿಗದಿತ ಶುಲ್ಕವೂ ಹೆಚ್ಚುತ್ತದೆ ಎಂಬುದು ನೆನಪಿರಲಿ.

ತೋಟದ ಮನೆಯವರಿಗೆ ಒಂದು ಎಚ್ಚರಿಕೆ. ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತು ನೀರಾವರಿಗೆ ಮಾತ್ರ. ಅದಕ್ಕೆ ಎ.ಸಿ. ಜೋಡಿಸುವುದು ಅಪರಾಧ. ಯಂತ್ರಕ್ಕೂ ಕೇಡು, ಏಕೆಂದರೆ ಆ ಲೈನಿನಲ್ಲಿ ವೋಲ್ಟೇಜ್ ಏರಿಳಿತ ಹೆಚ್ಚು. ಊರಿನ ಲೈನಿನಲ್ಲೂ ಸಂಜೆ ವೋಲ್ಟೇಜ್ ಇಳಿಯುತ್ತಿದ್ದರೆ, ಯಂತ್ರ ಎಷ್ಟು ವೋಲ್ಟಿನಿಂದ ಎಷ್ಟರವರೆಗೆ ತಾಳುತ್ತದೆ ಎಂದು ಅಂಗಡಿಯಲ್ಲಿ ಕೇಳಿ ಬರೆಸಿಕೊಳ್ಳಿ. ಅಷ್ಟರಲ್ಲಿ ಆಗುವುದಿಲ್ಲವೆಂದರೆ ಸ್ಟೆಬಿಲೈಸರ್ ಖರ್ಚನ್ನೂ ಬೆಲೆಗೆ ಸೇರಿಸಿ ನೋಡಿ. ಮೇವು ಕತ್ತರಿಸುವ ಯಂತ್ರ ಮತ್ತು ಎ.ಸಿ. ಎರಡನ್ನೂ ಒಟ್ಟಿಗೆ ಓಡಿಸದಿರುವುದು ಒಳ್ಳೆಯದು.

ಹೊರಗಿನ ಪೆಟ್ಟಿಗೆ ಕೊಟ್ಟಿಗೆಯಿಂದ ದೂರವಿರಲಿ

ಇದು ಪಟ್ಟಣದವರಿಗೆ ಬೇಕಿಲ್ಲದ, ನಮಗೆ ಮಾತ್ರ ಬೇಕಾದ ಮಾತು. ಗಂಜಲ, ಸಗಣಿಯಿಂದ ಅಮೋನಿಯಾ ಅನಿಲ ಏಳುತ್ತದೆ. ಮೂಗಿಗೆ ಘಾಟು ಹೊಡೆಯುವುದು ಅದೇ. ತೇವದೊಡನೆ ಸೇರಿದ ಅಮೋನಿಯಾ ತಾಮ್ರವನ್ನು ತಿನ್ನುತ್ತದೆ. ಎ.ಸಿ.ಯ ಹೊರಪೆಟ್ಟಿಗೆಯಲ್ಲಿ ಇರುವುದು ತಾಮ್ರದ ಕೊಳವೆಗಳೇ. ಕೊಟ್ಟಿಗೆಯ ಗೋಡೆಗೋ, ತಿಪ್ಪೆಯ ಪಕ್ಕಕ್ಕೋ, ಗೋಬರ್ ಗ್ಯಾಸ್ ಗುಂಡಿಯ ಹತ್ತಿರವೋ ಅದನ್ನು ಕೂರಿಸಿದರೆ ಕೊಳವೆ ತೂತುಬಿದ್ದು ಅನಿಲ ಸೋರುತ್ತದೆ. ಮತ್ತೆ ಅನಿಲ ತುಂಬಿಸಲು ಸಾವಿರಾರು ರೂಪಾಯಿ ದಂಡ. ಮೇವು ಕತ್ತರಿಸುವ ಜಾಗದ ಹೊಟ್ಟು, ದೂಳು ಪೆಟ್ಟಿಗೆಯ ಜಾಲರಿಗೆ ಕಟ್ಟಿಕೊಂಡರೆ ಶಾಖ ಹೊರಹೋಗದೆ ಯೂನಿಟ್ ಏರುತ್ತದೆ.

ಆದ್ದರಿಂದ ಹೊರಪೆಟ್ಟಿಗೆಯನ್ನು ಕೊಟ್ಟಿಗೆಯ ಗಾಳಿ ಬೀಸದ ಕಡೆ, ನೆರಳಿನಲ್ಲಿ, ಸುತ್ತ ಗಾಳಿಯಾಡುವಂತೆ ಕೂರಿಸಿ. ಬಡಗಣ ಅಥವಾ ಮೂಡಣ ಗೋಡೆ ಸಿಕ್ಕರೆ ಒಳ್ಳೆಯದು. ಅದರ ಬಿಸಿಗಾಳಿ ದನಗಳ ಮೇಲೆ ಬೀಳಕೂಡದು. ಕೂರಿಸುವವರು ಕೊಳವೆಯೊಳಗಿನ ಗಾಳಿಯನ್ನು ವ್ಯಾಕ್ಯೂಮ್ ಪಂಪಿನಿಂದ ತೆಗೆದ ಮೇಲೆಯೇ ಅನಿಲ ಬಿಡಬೇಕು. ಎದುರಿಗೆ ನಿಂತು ನೋಡಿ. ಒಳಪೆಟ್ಟಿಗೆಯಿಂದ ತೊಟ್ಟಿಕ್ಕುವ ನೀರನ್ನು ಗಿಡಗಳಿಗೆ ಬಿಡಬಹುದು, ದನಗಳಿಗೆ ಕುಡಿಸಬೇಡಿ.

ಎ.ಸಿ.ಗೂ ಮೊದಲು ಮಾಡಬೇಕಾದ ಕೆಲಸ

1. ತಾರಸಿಗೆ ಬಿಳಿ ಸುಣ್ಣ ಅಥವಾ ಶಾಖ ತಡೆಯುವ ಬಿಳಿ ಬಣ್ಣ ಹೊಡೆಸಿ. ಬಿಳಿ ಮೇಲ್ಮೈ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ. ಪಡುವಣ ಕಿಟಕಿಗೆ ಚಾಪೆಯನ್ನೋ ದಪ್ಪ ಪರದೆಯನ್ನೋ ಇಳಿಬಿಡಿ. ಇದರಿಂದಲೇ ಕೋಣೆ ತಾಳಬಲ್ಲಷ್ಟು ತಂಪಾದರೆ ಎ.ಸಿ. ಖರ್ಚೇ ಉಳಿಯಿತು.

2. ಹಳೆಯ ಫ್ಯಾನು ಬದಲಿಸಿ. ಹಳೆಯದು ಸುಮಾರು 75 ವ್ಯಾಟ್ ಎಳೆಯುತ್ತದೆ. ಹೊಸ ಬಿ.ಎಲ್.ಡಿ.ಸಿ. ಫ್ಯಾನು ಸುಮಾರು 30 ವ್ಯಾಟ್. ದಿನಕ್ಕೆ 10 ಗಂಟೆ ತಿರುಗುವ ಎರಡು ಫ್ಯಾನು ಬದಲಿಸಿದರೆ ತಿಂಗಳಿಗೆ 27 ಯೂನಿಟ್ ಉಳಿತಾಯ. 200 ರ ಗೆರೆಯ ಅಂಚಿನಲ್ಲಿರುವ ಮನೆಗೆ ಈ 27 ಯೂನಿಟ್ ದೊಡ್ಡ ಆಸರೆ.

3. ಕಲಬುರಗಿ, ರಾಯಚೂರು, ವಿಜಯಪುರ, ಬಳ್ಳಾರಿ ಕಡೆಯ ಒಣ ಸೆಕೆಗೆ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ವಿದ್ಯುತ್ತೂ ಎ.ಸಿ.ಗಿಂತ ಬಹಳ ಕಡಿಮೆ. ಕಿಟಕಿ ತೆರೆದಿರಬೇಕು ಅಷ್ಟೆ. ಮಂಗಳೂರು, ಉಡುಪಿ ಕಡೆಯ ತೇವದ ಸೆಕೆಗೆ ಕೂಲರ್ ಪ್ರಯೋಜನಕ್ಕೆ ಬಾರದು.

4. ಕೊಟ್ಟಿಗೆಯನ್ನು ಮರೆಯಬೇಡಿ. ನಮಗೆ ಸೆಕೆಯಾದಾಗ ಎಚ್.ಎಫ್. ಮಿಶ್ರತಳಿ ಹಸುವಿಗೆ ನಮಗಿಂತ ಹೆಚ್ಚು ಸೆಕೆ. ಅದು ಬಾಯಿ ತೆರೆದು ತೇಕುತ್ತದೆ, ಮೇವು ಬಿಡುತ್ತದೆ, ಹಾಲು ಇಳಿಸುತ್ತದೆ. ಎ.ಸಿ.ಯ ಕಂತು ಕಟ್ಟುವುದು ಆ ಹಾಲೇ ಅಲ್ಲವೆ? ಸೂರಿನ ಮೇಲೆ ತೆಂಗಿನ ಗರಿ, ದಿನವಿಡೀ ಕುಡಿಯುವ ನೀರು, ಒಂದು ಗೋಡೆ ಫ್ಯಾನು, ಮಧ್ಯಾಹ್ನ ಮೈಗೆ ನೀರು. ಮೊದಲು ಇವಿಷ್ಟನ್ನು ಮಾಡಿ. ಕೊಟ್ಟಿಗೆಯನ್ನು ಮುಚ್ಚಿ ಎ.ಸಿ. ಹಾಕುವ ಯೋಚನೆ ಬೇಡ. ದನಗಳಿಗೆ ಗಾಳಿಯಾಡುವ ಜಾಗವೇ ಆರೋಗ್ಯ.

ಬಳಸುವ ಕ್ರಮ

2020 ರ ಜನವರಿಯಿಂದ ಸ್ಟಾರ್ ಲೇಬಲ್ ಇರುವ ಕೋಣೆಯ ಎ.ಸಿ.ಗಳು 24 ಡಿಗ್ರಿಯಲ್ಲೇ ಆರಂಭವಾಗಬೇಕೆಂಬ ನಿಯಮವಿದೆ. ಒಂದೊಂದು ಡಿಗ್ರಿ ಏರಿಸಿದಂತೆ ಸುಮಾರು ಶೇಕಡ 6 ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 26 ಡಿಗ್ರಿಗೆ ಇಟ್ಟು ಫ್ಯಾನು ನಿಧಾನವಾಗಿ ಹಾಕಿಕೊಂಡರೆ ಸುಖವಾದ ನಿದ್ದೆ ಬರುತ್ತದೆ. 18 ಕ್ಕೆ ಇಳಿಸಿದರೆ ಕೋಣೆ ಬೇಗ ತಂಪಾಗುತ್ತದೆ ಎಂಬುದು ತಪ್ಪು ತಿಳುವಳಿಕೆ. ಯಂತ್ರ ಹೆಚ್ಚು ಹೊತ್ತು ದುಡಿಯುತ್ತದೆ ಅಷ್ಟೆ. ಬೆಳಗಿನ ಜಾವ ನೀವು ಹಾಲು ಕರೆಯಲು ಏಳುವ ಹೊತ್ತಿಗೆ ತಾನೇ ಆರುವಂತೆ ಟೈಮರ್ ಇಡಿ.

ಒಳಗಿನ ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ನೀರಿನಲ್ಲಿ ತೊಳೆದು ಒಣಗಿಸಿ ಹಾಕಿ. ಹೊಟ್ಟು, ದೂಳು ಹೆಚ್ಚಿರುವ ಮನೆಯಲ್ಲಿ ವಾರಕ್ಕೊಮ್ಮೆ ತೊಳೆಯಿರಿ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ, ಸಾಂಬ್ರಾಣಿ ಹೊಗೆ, ಕೆಂಡದ ಅಗ್ಗಿಷ್ಟಿಕೆ ಇಡಲೇಬಾರದು. ಬಾಣಂತಿ, ಎಳೆಗೂಸು ಇರುವ ಮನೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಇನ್ನೊಂದು ಮಾತು. "ಸಂಜೆಯ ಹಾಲನ್ನು ಎ.ಸಿ. ಕೋಣೆಯಲ್ಲಿಟ್ಟು ಬೆಳಗ್ಗೆ ಹಾಕಬಹುದೆ?" ಎಂದು ಯಾರಾದರೂ ಕೇಳಿದರೆ, ಕೂಡದು ಎನ್ನಿ. 26 ಡಿಗ್ರಿ ನಮಗೆ ತಂಪು, ಹಾಲಿನೊಳಗಿನ ಸೂಕ್ಷ್ಮಾಣುಗಳಿಗೆ ಅದು ಬೆಚ್ಚನೆಯ ಮನೆ. ಕರೆದ ಹಾಲನ್ನು ತಡಮಾಡದೆ ಸಂಘಕ್ಕೆ ತನ್ನಿ.

ಅಂಗಡಿಗೆ ಹೋಗುವ ಮುನ್ನ ಬರೆದುಕೊಳ್ಳಿ

1. ಕೋಣೆಯ ಉದ್ದ, ಅಗಲ, ಸೂರಿನ ಬಗೆ.
2. ಕಳೆದ ಏಪ್ರಿಲ್, ಮೇ ಬಿಲ್ಲಿನ ಯೂನಿಟ್ ಮತ್ತು ನಿಮ್ಮ ಉಚಿತ ಮಿತಿ.
3. ಮಂಜೂರಾದ ಲೋಡ್.
4. ರಾತ್ರಿಗೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ತಿಂಗಳು ಓಡಿಸುವಿರಿ ಎಂಬುದು.
5. ಅಂಗಡಿಯಲ್ಲಿ ಪ್ರತಿ ಯಂತ್ರದ ದಕ್ಷತೆಯ ಅಂಕ, ವಾರ್ಷಿಕ ಯೂನಿಟ್, ಲೇಬಲ್‌ನ ಅವಧಿ.
6. ಕೂರಿಸುವ ಖರ್ಚು, ಹೆಚ್ಚುವರಿ ತಾಮ್ರದ ಕೊಳವೆ, ಸ್ಟೆಬಿಲೈಸರ್ ಸೇರಿ ಒಟ್ಟು ಬೆಲೆ.
7. ವಾರಂಟಿ ಯಾವ ಭಾಗಕ್ಕೆ ಎಷ್ಟು ವರ್ಷ, ರಿಪೇರಿಯವರು ನಮ್ಮ ತಾಲ್ಲೂಕಿಗೆ ಬರುತ್ತಾರೆಯೇ ಎಂಬುದು.

ಬಿಲ್ಲನ್ನು ತಪ್ಪದೆ ಪಡೆಯಿರಿ. 2025 ರ ಸೆಪ್ಟೆಂಬರ್ 22 ರಿಂದ ಎ.ಸಿ. ಮೇಲಿನ ಜಿ.ಎಸ್.ಟಿ. ಶೇಕಡ 28 ರಿಂದ 18 ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದು ಸರಿಯಾಗಿದೆಯೇ ನೋಡಿಕೊಳ್ಳಿ.

ನೀವೇ ಲೆಕ್ಕ ಹಾಕಿ

ಪ್ರಶ್ನೆ: ಒಂದು ಮನೆಯ ಬೇಸಿಗೆ ಬಳಕೆ 110 ಯೂನಿಟ್. ಕೊಳ್ಳಬೇಕೆಂದಿರುವ ಎ.ಸಿ.ಯ ಲೇಬಲ್ಲಿನಲ್ಲಿ 640 ಯೂನಿಟ್ ಎಂದಿದೆ. ರಾತ್ರಿ 6 ಗಂಟೆಯಂತೆ 30 ದಿನ ಓಡಿಸುತ್ತಾರೆ. 200 ರ ಗೆರೆ ದಾಟುವರೇ?

ಉತ್ತರ: 640 ಭಾಗಿಸು 1600, ಗಂಟೆಗೆ 0.40 ಯೂನಿಟ್. 180 ಗಂಟೆಗೆ 72 ಯೂನಿಟ್. ಕಾಲು ಭಾಗ ಸೇರಿಸಿದರೆ 90. ಒಟ್ಟು 200. ಸರಿಯಾಗಿ ಗೆರೆಯ ಮೇಲೆಯೇ ನಿಂತಿದ್ದಾರೆ. ಮನೆಗೆ ನೆಂಟರು ಬಂದ ತಿಂಗಳು ದಾಟುವುದು ಖಂಡಿತ. ಈ ಮನೆಯವರು ಎ.ಸಿ. ತರುವ ಮೊದಲು ಎರಡು ಹಳೆಯ ಫ್ಯಾನು ಬದಲಿಸಬೇಕು. ಆಗ ಒಟ್ಟು 173 ಕ್ಕೆ ಇಳಿದು ನೆಮ್ಮದಿಯಾಗಿರುತ್ತಾರೆ.

ಸದಸ್ಯ ಬಾಂಧವರೇ, ಸಂಘದಲ್ಲಿ ಫ್ಯಾಟ್ ಒಂದು ಪಾಯಿಂಟು ಕಡಿಮೆ ಬಂದರೆ ನಾವು ಕಾರ್ಯದರ್ಶಿಯವರನ್ನು ನಿಲ್ಲಿಸಿ ಕೇಳುತ್ತೇವೆ. ಕೇಳಲೇಬೇಕು, ಅದು ನಮ್ಮ ದುಡಿಮೆ. ಅದೇ ದುಡಿಮೆಯ ಹಣ ಕೊಟ್ಟು ಯಂತ್ರ ಕೊಳ್ಳುವಾಗಲೂ ಲೇಬಲ್ಲಿನ ಮುಂದೆ ಎರಡು ನಿಮಿಷ ನಿಂತು ಓದೋಣ, ಅಂಗಡಿಯವರನ್ನು ಕೇಳೋಣ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಯೂನಿಟ್ ಇದ್ದಷ್ಟು ತಂಪು ಎಂಬುದು ಈ ಕಾಲದ ಮಾತು. ಈ ಲೆಕ್ಕವನ್ನು ನಿಮ್ಮ ಮನೆಯ ಓದುವ ಮಕ್ಕಳ ಕೈಯಲ್ಲಿ ಒಮ್ಮೆ ಹಾಕಿಸಿ ನೋಡಿ, ಆಮೇಲೆ ಅಂಗಡಿಗೆ ಹೊರಡಿ.